ಗುಡಿಸಿದಷ್ಟು ಜಾಗ

ಪಾತ್ರೆ ಅಂಗಡಿಯ ಮುಂದೆ ಟೇಪು ಹಿಡಿದು ನಿಂತಾಗ ನನಗೆ ಮೊದಲು ಅನ್ನಿಸಿದ್ದು, ಬೇರೆ ಯಾವುದೋ ಬೀದಿಗೆ ಬಂದುಬಿಟ್ಟೆವೇನೋ ಎಂದು. ಹಿಂದಿನ ಸಂಜೆ ಅದೇ ದಾರಿಯಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬಾಗಿಲಿನ ಎರಡೂ ಕಡೆ ಗೋಡೆಯುದ್ದಕ್ಕೂ ಕೊಳಗ, ಕೊಡ, ಜರಡಿ, ಇಡ್ಲಿ ಪಾತ್ರೆ ನೇತಾಡುತ್ತಿದ್ದವು. ತಲೆ ಬಗ್ಗಿಸಿಕೊಂಡೇ ದಾಟಬೇಕಾಗಿತ್ತು. ಈಗ ನೋಡಿದರೆ ಗೋಡೆ ಬೋಳು, ಮೊಳೆ ಕೂಡ ಇಲ್ಲ. ಒಳಗೆ ಅಷ್ಟೂ ಪಾತ್ರೆಗಳ ನಡುವೆ ಅಂಗಡಿಯಾತ ಇಕ್ಕಟ್ಟಿನಲ್ಲಿ ಕೂತು ನಗುತ್ತಿದ್ದ.

“ನನ್ನ ಅಂಗ್ಡಿ ಅಂದ್ರೆ ಈ ಬಾಗ್ಲು ಕಣಮ್ಮ, ಅಷ್ಟೇಯ. ಅಳ್ಕಳಿ” ಎಂದ.

“ಈ ಗೋಡೆ?”

“ಗೋಡೆ ನಂದಲ್ಲ. ಪಕ್ಕದೋರ್ದಿರ್ಬೇಕು.”

ಪಕ್ಕದವರನ್ನು ಕೇಳಿದರೆ ಅವರು ಇವನ ಕಡೆ ಕೈ ತೋರಿಸಿದರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ನಮ್ಮ ಕಚೇರಿಯ ಅಟೆಂಡರ್ ಗೋಡೆಯಲ್ಲಿದ್ದ ಮೊಳೆಯ ತೂತುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

ಆಗ ನಾನು ಪಿರಿಯಾಪಟ್ಟಣದಲ್ಲಿ ಪಟ್ಟಣ ಪಂಚಾಯ್ತಿಯ ಬಿಲ್ ಕಲೆಕ್ಟರ್. ಮನೆ ಹುಣಸೂರಿನಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಊರಿನವರು ನನ್ನನ್ನು ಕಂದಾಯದಮ್ಮ ಎನ್ನುತ್ತಿದ್ದರು. ನನ್ನನ್ನು ದೂರದಿಂದ ಕಂಡೊಡನೆ ಹಿತ್ತಲ ಬಾಗಿಲಿಂದ ಹೊರಟುಹೋಗುವವರೂ ಇದ್ದರು, ಕೂರಿಸಿ ಕಾಫಿ ಕೊಟ್ಟು ಮುಂದಿನ ತಿಂಗಳು ಬನ್ನಿ ಎನ್ನುವವರೂ ಇದ್ದರು. ಎರಡನೆಯವರಿಂದ ವಸೂಲಿ ಮಾಡುವುದು ಹೆಚ್ಚು ಕಷ್ಟ. ಆ ಕೆಲಸದಲ್ಲಿ ನಾಲಿಗೆ ಸ್ವಲ್ಪ ಖಾರವಾಗಿಯೇ ಇರಬೇಕಾಗುತ್ತದೆ. ನನ್ನದು ಅದಕ್ಕೂ ಮೊದಲೇ ಹಾಗಿತ್ತು ಎಂದು ನಮ್ಮ ಮನೆಯವರು ಹೇಳುತ್ತಾರೆ.

ಆ ವರ್ಷ ಹಳೇ ಅಂಗಡಿ ಬೀದಿಗೆ ಒಂದು ಏರ್ಪಾಡಾಯಿತು. ಬೀದಿಯವರು ತಮ್ಮದೇ ಸಮಿತಿ ಮಾಡಿಕೊಂಡು ಅರ್ಧ ಖರ್ಚು ಹಾಕಿದರೆ ಉಳಿದರ್ಧವನ್ನು ಪಂಚಾಯ್ತಿ ಹಾಕುವುದು. ಚರಂಡಿಯ ಮೇಲೆ ಚಪ್ಪಡಿ, ಬೀದಿಗೆ ದೀಪ, ರಾತ್ರಿಗೆ ಒಬ್ಬ ಕಾವಲುಗಾರ. ವಂತಿಗೆ ಯಾರಿಗೆ ಎಷ್ಟು ಹಾಕಬೇಕು, ಓಟು ಯಾರಿಗೆ ಎಷ್ಟು ಎಂಬುದನ್ನು ಬೀದಿಯವರೇ ತೀರ್ಮಾನಿಸಬೇಕು, ಲೆಕ್ಕ ಹಿಡಿದು ಓಟು ಮಾಡಿಸುವುದು ಮಾತ್ರ ನಮ್ಮ ಕೆಲಸ. ಮುಖ್ಯಾಧಿಕಾರಿಗಳು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. “ನಿಮ್ಮನ್ನ ಕಂಡ್ರೆ ಬೀದೀಲಿ ಎಲ್ರೂ ಹೆದರ್ತಾರೆ, ನೀವೇ ಸರಿ” ಎಂದರು. ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ ಗೊತ್ತಾಗಲಿಲ್ಲ.

ಹೊಗೆಸೊಪ್ಪಿನ ಹರಾಜು ಮುಗಿದು ಊರಿನಲ್ಲಿ ಕಾಸು ಓಡಾಡುತ್ತಿದ್ದ ಕಾಲ. ಮೊದಲ ಸಭೆ ಛತ್ರದಲ್ಲಿ ಸೇರಿತು. ಬೀದಿಯ ಸಮಿತಿಗೆ ಬಟ್ಟೆ ಅಂಗಡಿಯ ಯಜಮಾನರೇ ಅಧ್ಯಕ್ಷರು. ಹಣೆಯಲ್ಲಿ ವಿಭೂತಿ, ಮೆಲು ದನಿ, ಗಿರಾಕಿ ಬರಿಗೈಯಲ್ಲಿ ಹೋದರೂ ಎದ್ದು ಬಾಗಿಲವರೆಗೆ ಕಳಿಸಿಕೊಡುವ ಮನುಷ್ಯ. ಅವರೇ ಎದ್ದು ನಿಂತು ಹೇಳಿದರು: “ಬೀದಿ ಕಡೆಗೆ ಯಾರದು ಎಷ್ಟು ಅಡಿ ಇದೆಯೋ ಅಷ್ಟಕ್ಕೆ, ಅಡಿಗಿಷ್ಟು ಅಂತ ಒಂದೇ ದರದಲ್ಲಿ ವಂತಿಗೆ. ಅಡಿಗೊಂದು ಓಟು. ದೊಡ್ಡ ಅಂಗಡಿಯವನು ಜಾಸ್ತಿ ಕೊಡ್ತಾನೆ, ಅವನ ಮಾತಿಗೂ ಅಷ್ಟು ತೂಕ ಇರ್ಲಿ. ಸಣ್ಣವನಿಗೆ ಭಾರ ಬೀಳಬಾರದು.” ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಸರಿಯೆನಿಸಿತು.

ಆಮೇಲೆ ಕೆಲಸಗಳ ಮಾತು ಬಂತು. ಚಪ್ಪಡಿ, ದೀಪ, ಕಾವಲುಗಾರ, ಇಷ್ಟಕ್ಕೆ ತಕರಾರಿಲ್ಲ. ಆಗ ಪಾತ್ರೆ ಅಂಗಡಿಯಾತ ಎದ್ದು ಇನ್ನೊಂದು ಸೇರಿಸಿದ. ಚರಂಡಿ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂರುವವರನ್ನೆಲ್ಲ ಎಬ್ಬಿಸಬೇಕು, ಚಪ್ಪಡಿ ಹಾಕುವುದು ಗಿರಾಕಿಗಳು ಓಡಾಡಲಿಕ್ಕೆ, ಇವರು ಕೂರಲಿಕ್ಕಲ್ಲ ಎಂದ. ಕೆಲವರು ತಲೆಯಾಡಿಸಿದರು. ಇದೊಂದನ್ನು ಓಟಿಗೆ ಹಾಕೋಣ ಎಂದು ಅಧ್ಯಕ್ಷರು ಹೇಳಿದರು.

ಆ ಮಾತಾಗುವಾಗ ಎಲೆಯಮ್ಮ ಛತ್ರದ ಬಾಗಿಲಲ್ಲೇ ನಿಂತಿದ್ದಳು. ಬಟ್ಟೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವಿನ ಕಟ್ಟೆಯ ಮೇಲೆ ಕೂತು ವೀಳ್ಯದೆಲೆ ಮಾರುವವಳು ಆಕೆ. ಊರಿನ ಪಕ್ಕದ ಹಳ್ಳಿಯವಳು, ಗಂಡ ಇಲ್ಲ, ಆ ಬುಟ್ಟಿಯೇ ಜೀವನ. ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಅದೇ ಗಿರಾಕಿಗಳು ಅದೇ ಜಾಗಕ್ಕೆ ಬರುತ್ತಿದ್ದರು. ಅವತ್ತು ಸಭೆಯ ತಾಂಬೂಲಕ್ಕೆಂದು ಎಲೆ ತಂದಿದ್ದಳು. ತಟ್ಟೆಯನ್ನು ಕೆಳಗಿಟ್ಟು, ಸೆರಗು ಹೊದ್ದುಕೊಂಡು ಒಳಗೆ ಬಂದಳು.

“ಅಯ್ಯನೋರೆ, ನಂದೂ ಬರ್ಕಳಿ. ನನ್ ಪಾಲ ನಾನೂ ಕೊಡ್ತೀನಿ.”

ಅಧ್ಯಕ್ಷರು ನಿಜವಾಗಿಯೂ ಮರುಗಿದರು. “ನಿಂಗ್ಯಾಕವ್ವ ಈ ಗೋಜು? ಇದು ಬಾಗ್ಲಿರೋರ್ದು. ನಿನ್ನ ಯೋಚ್ನೆ ನಂಗೆ ಬುಡು. ನನ್ನ ಮೆಟ್ಲು ಪಕ್ಕ ಕೂತ್ಕೊ, ಯಾರೇನಂತಾರೆ ನೋಡಾನ.”

“ನೀವಿರೋಗಂಟ ಸರಿ ಅಯ್ಯನೋರೆ” ಎಂದು ಆಕೆ ಹಿಂದಕ್ಕೆ ಹೋದಳು.

ಸಭೆ ಮುಗಿಸಿಕೊಂಡು ಹೊರಡುವಾಗ ಆಕೆ ಛತ್ರದ ಜಗಲಿಯಲ್ಲಿ ಕೂತಿದ್ದಳು. ಯಜಮಾನರು ಅಷ್ಟು ಹೇಳಿದ್ದಾರಲ್ಲ, ಯಾಕೆ ಚಿಂತೆ ಎಂದೆ.

“ಅವ್ರು ದೇವ್ರಂತೋರು ಕಣವ್ವ, ಇಲ್ಲ ಅನ್ನಕಿಲ್ಲ. ಮಳೆ ಬಂದ್ರೆ ಒಳಕ್ಕೆ ಕರೀತಾರೆ. ಕುಡಿಯಕ್ಕೆ ನೀರು ಕೊಡ್ತಾರೆ. ಅವ್ರ ಮಗ ನನ್ನ ಮಕಾನೇ ನೋಡಕಿಲ್ಲ. ನಾಳೆ ಗಲ್ಲಾದಾಗೆ ಆ ಉಡ್ಗ ಕೂತ್ಕಂಡ್ರೆ, ನಾ ಎಲ್ಲಿ ಕೂತ್ಕಳ್ಳಿ?”

ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಬಿಳಿಕೆರೆಯಲ್ಲೋ ಕೊಪ್ಪದಲ್ಲೋ ಹೋಗಿ ಮಾರಬಹುದಲ್ಲ ಎಂದು ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಆದರೆ ಅಲ್ಲೂ ಕಟ್ಟೆಗಳಿವೆ, ಆ ಕಟ್ಟೆಗಳ ಮೇಲೂ ಯಾರೋ ಕೂತಿರುತ್ತಾರೆ.

ಅಳತೆಯ ದಿನದ ಕಥೆ ಮೊದಲೇ ಹೇಳಿದೆನಲ್ಲ. ನಾನು ಮಾಡಿದ ದಡ್ಡತನ ಎಂದರೆ ದಿನ ಗೊತ್ತುಮಾಡಿ ನೋಟಿಸ್ ಅಂಟಿಸಿದ್ದು. ಇಡೀ ಬೀದಿ ರಾತ್ರೋರಾತ್ರಿ ಬಡವಾಗಿತ್ತು. ಹೋಟೆಲಿನವನು ಹೊರಗಿನ ಬೆಂಚುಗಳನ್ನು ಹಿತ್ತಲಿಗೆ ಸಾಗಿಸಿದ್ದ. ಬಟ್ಟೆ ಅಂಗಡಿಯಲ್ಲಿ ಬಾಗಿಲಿನ ಪಕ್ಕದ ದೊಡ್ಡ ಗಾಜಿನ ಕಿಟಕಿಗೆ ಒಳಗಿಂದ ಪಂಚೆ ಇಳಿಬಿಟ್ಟು, ಇದು ಗೋಡೌನು, ಅಂಗಡಿಗೆ ಸೇರಲ್ಲ ಎಂದು ಯಜಮಾನರ ಮಗ ವಾದಿಸಿದ. ಯಜಮಾನರು ಬೇರೆಕಡೆ ನೋಡಿದರು. ಅದೇ ಬೀದಿಯಲ್ಲಿ ಬಾಡಿಗೆಗಿದ್ದ ಒಬ್ಬ ಟೈಲರು, ತನ್ನ ಅಳತೆ ಯಾರ ಹೆಸರಿಗೆ ಹೋಗುತ್ತದೆ ಎಂದು ಕೇಳಿದ. ಕಟ್ಟಡದ ಮಾಲೀಕರ ಹೆಸರಿಗೆ ಎಂದೆ. ವಂತಿಗೆ ಯಾರು ಕೊಡೋದು ಎಂದ. ಮಾಲೀಕರು ನಿಮ್ಮಿಂದಲೇ ವಸೂಲು ಮಾಡ್ತಾರೆ ಎಂದೆ. “ಅಂಗಾದ್ರೆ ಕಾಸು ನಂದು, ಓಟು ಅವ್ರದು” ಎಂದು ಮಿಷನ್ ತುಳಿಯತೊಡಗಿದ.

ಸಂಜೆ ಕಚೇರಿಯಲ್ಲಿ ಕೂತು ಕೂಡಿದೆವು. ಬೀದಿಯ ಉದ್ದ ನಮಗೆ ಗೊತ್ತಿತ್ತು. ಅಂಗಡಿಗಳ ಅಡಿಗಳನ್ನೆಲ್ಲ ಸೇರಿಸಿದರೆ ಅದರ ಹತ್ತಿರವೂ ಬರಲಿಲ್ಲ.

“ಅಮ್ಮಾ, ಎಲ್ಲಾರ್ನೂ ಸೇರ್ಸಿದ್ರೂ ಬೀದಿ ಆಗ್ತಾ ಇಲ್ಲ. ಮಿಕ್ಕಿದ್ದ ಯಾರು ತಿಂದ್ರು?” ಎಂದ ಅಟೆಂಡರ್.

ಆದರೂ ಆ ಅಳತೆಯನ್ನೇ ಬರೆದು, ಯಾರಿಗೆ ಎಷ್ಟು ಓಟು ಎಂದು ನೋಟಿಸ್ ಬೋರ್ಡಿಗೆ ಹಾಕಿದೆ. ಮಾರನೇ ದಿನ ಕಚೇರಿಯ ಮುಂದೆ ಸಾಲು. ಬೋಳು ಗೋಡೆ ಪಾತ್ರೆ ಅಂಗಡಿಯಾತನದಾಗಿತ್ತು. ಹಿತ್ತಲಿನಲ್ಲಿದ್ದ ಬೆಂಚುಗಳು ನೆನಪಾಗಿದ್ದವು. ಗೋಡೌನು ಮತ್ತೆ ಅಂಗಡಿಯಾಗಿತ್ತು. ಇಷ್ಟು ಕಡಿಮೆ ಓಟಾದರೆ ಬೀದಿಯಲ್ಲಿ ಮರ್ಯಾದೆ ಏನು ಉಳಿಯಿತು ಎಂಬುದು ಎಲ್ಲರ ಪ್ರಶ್ನೆ.

“ಆಗಲಿ, ಹೆಚ್ಚಿನ ಅಡಿ ಬರ್ಕೋತೀನಿ. ವಂತಿಗೆನೂ ಹೆಚ್ಚುತ್ತೆ” ಎಂದೆ.

“ವಂತಿಗೆಗೆ ಬಾಗ್ಲು ಲೆಕ್ಕ ಸಾಕಲ್ವಾ ಮೇಡಂ? ಓಟಿಗೆ ಮಾತ್ರ ಗೋಡೆ ಸೇರ್ಸ್ಕಳಿ.”

ನನಗೆ ಸಿಟ್ಟು ನೆತ್ತಿಗೇರಿತು. “ಕೊಡುವಾಗ ಗುಬ್ಬಿ, ಕೇಳುವಾಗ ಆನೆ ಆದರೆ ನಾನು ಯಾವ ಟೇಪು ತರಲಿ? ಎರಡಕ್ಕೂ ಒಂದೇ ಅಳತೆ. ಆಗದಿದ್ದರೆ ಚಪ್ಪಡಿನೂ ಬೇಡ, ದೀಪಾನೂ ಬೇಡ, ಹೀಗೇ ಚರಂಡಿ ದಾಟಿಕೊಂಡಿರಿ” ಎಂದು ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಒಳಗೆ ಹೋದ ಮೇಲೆ, ಒಂದೇ ಅಳತೆ ಎಂದೆನಲ್ಲ, ಅದು ಯಾವ ಅಳತೆ ಎಂದು ನನಗೂ ಗೊತ್ತಿಲ್ಲ ಎಂಬುದು ಹೊಳೆಯಿತು.

ಸ್ವಲ್ಪ ದಿನ ಹಾಗೆಯೇ ಹೋಯಿತು. ಒಂದು ದಿನ ನೀರಿನ ಬಿಲ್ಲಿನ ಬಾಕಿದಾರರನ್ನು ಮನೆಯಲ್ಲೇ ಹಿಡಿಯಬೇಕೆಂದು ಮೊದಲ ಬಸ್ಸಿಗೆ ಬಂದೆ. ಅಂಗಡಿ ಬೀದಿ ಆಗಷ್ಟೇ ಏಳುತ್ತಿತ್ತು. ಒಬ್ಬೊಬ್ಬರೇ ಬಾಗಿಲು ತೆಗೆದು, ಪೊರಕೆ ಹಿಡಿದು ಮುಂದಿನ ಜಾಗ ಗುಡಿಸುತ್ತಿದ್ದರು. ಗುಡಿಸಿ, ಬಕೆಟ್ಟಿನಿಂದ ನೀರು ಚಿಮುಕಿಸಿ, ಆಮೇಲೆ ಒಳಗೆ ಹೋಗಿ ಊದುಬತ್ತಿ ಹಚ್ಚುವುದು. ದಿನಾ ನಡೆಯುವುದೇ. ಆದರೆ ಅವತ್ತು ನಾನು ನಿಂತು ನೋಡಿದೆ.

ಪಾತ್ರೆ ಅಂಗಡಿಯಾತ ಆ ‘ತನ್ನದಲ್ಲದ’ ಗೋಡೆಯ ಕೆಳಗೆ ಉದ್ದಕ್ಕೂ ಗುಡಿಸಿದ. ಎಲ್ಲಿ ಪಕ್ಕದವರ ಜಾಗ ಶುರುವೋ ಅಲ್ಲಿ ಪೊರಕೆ ನಿಂತಿತು. ಪಕ್ಕದವನು ಅಲ್ಲಿಂದಲೇ ಶುರು ಮಾಡಿದ. ಬಟ್ಟೆ ಅಂಗಡಿಯ ಆಳು ಗಾಜಿನ ಕಿಟಕಿಯ ಮುಂದೆಯೂ, ಎಲೆಯಮ್ಮ ಕೂರುವ ಕಟ್ಟೆಯ ಸುತ್ತಲೂ ಗುಡಿಸಿ ನೀರು ಹಾಕಿದ. ಟೈಲರ್ ತನ್ನ ಮುಂದೆ ತಾನೇ ಗುಡಿಸಿಕೊಂಡ, ಕಟ್ಟಡದ ಮಾಲೀಕರು ಆ ಹೊತ್ತಿಗೆ ಎಲ್ಲೋ ಹಾಸಿಗೆಯಲ್ಲಿದ್ದಿರಬೇಕು. ಬೀದಿಯ ಈ ತುದಿಯಿಂದ ಆ ತುದಿವರೆಗೆ ನೆಲ ಒದ್ದೆಯಾಯಿತು, ನಡುವೆ ಒಣ ಜಾಗ ಒಂದು ಗೇಣೂ ಉಳಿಯಲಿಲ್ಲ. ಒಬ್ಬರ ಮೇರೆಯೊಳಕ್ಕೆ ಇನ್ನೊಬ್ಬರು ಹೋಗಲೂ ಇಲ್ಲ. ನಮ್ಮ ಟೇಪಿಗೆ ಸಿಗದ ಲೆಕ್ಕ ನೆಲದ ಮೇಲೇ ಕಾಣುತ್ತಿತ್ತು.

ಬಾಕಿದಾರರನ್ನು ಮರೆತು ನೇರ ಬಟ್ಟೆ ಅಂಗಡಿಗೆ ಹೋದೆ. ಯಜಮಾನರಿಗೆ ಹೇಳಿದೆ: ಬಾಗಿಲೂ ಬೇಡ, ಗೋಡೆಯೂ ಬೇಡ, ಖಾತೆಯೂ ಬೇಡ. ಬೆಳಿಗ್ಗೆ ಯಾರು ಎಷ್ಟು ಗುಡಿಸಿ ನೀರು ಹಾಕುತ್ತಾರೋ ಅಷ್ಟು ಅವರದು. ಅದಕ್ಕೇ ವಂತಿಗೆ, ಅದಕ್ಕೇ ಓಟು. ಅವರು ಸ್ವಲ್ಪ ಹೊತ್ತು ಗಲ್ಲಾದ ಮೇಲೆ ಬೆರಳಾಡಿಸಿದರು, ಆಮೇಲೆ ನಕ್ಕರು.

ಮತ್ತೆ ಛತ್ರದಲ್ಲಿ ಸಭೆ. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ, ಜಗಳವೇ ಆಗಲಿಲ್ಲ. ಲಕ್ಷ್ಮಿ ಬರುವ ಜಾಗವನ್ನು ನಾನು ಗುಡಿಸುವುದಿಲ್ಲ ಎಂದು ಯಾವ ಅಂಗಡಿಯವನು ನಾಲ್ಕು ಜನರ ಮುಂದೆ ಹೇಳುತ್ತಾನೆ? ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ ಹೇಳಿದರು: “ಗುಡಿಸಿದೋರ್ದು ಜಾಗ. ಇದಕ್ಕಿಂತ ನ್ಯಾಯ ಇನ್ನೇನಿದೆ?” ಒಂದು ವಾರ ನಾನು ದಿನಾ ಬೆಳಿಗ್ಗೆ ಬಂದು ನೋಡುವುದು, ವಾರದ ಕೊನೆಗೆ ಸುಣ್ಣದಲ್ಲಿ ಗೆರೆ ಎಳೆಯುವುದು ಎಂದಾಯಿತು. ಮುಖ್ಯಾಧಿಕಾರಿಗಳು ಕೇಳಿ ಜೋರಾಗಿ ನಕ್ಕು, ಬೀದಿಯವರೇ ಒಪ್ಪಿದ್ದಾರೆ ಅಂದ್ರೆ ನಂದೇನೂ ಅಡ್ಡಿಯಿಲ್ಲ ಎಂದರು.

ಮೊದಲ ಬೆಳಗ್ಗೆ ಎಲ್ಲ ಸರಿಯಾಗಿತ್ತು. ಆಮೇಲೆ ಬೀದಿಯವರ ಬುದ್ಧಿ ಓಡಲು ಶುರುವಾಯಿತು. ಎರಡನೇ ದಿನ ಪಾತ್ರೆ ಅಂಗಡಿಯಾತನ ಪೊರಕೆ ಗೋಡೆಯ ಅರ್ಧಕ್ಕೇ ಸುಸ್ತಾಯಿತು. ಅವನನ್ನು ನೋಡಿ ಪಕ್ಕದವನು ತನ್ನ ಕಡೆಯಿಂದಲೂ ಸ್ವಲ್ಪ ಬಿಟ್ಟ. ಅವರ ಎಣಿಕೆ ಸರಳವಾಗಿತ್ತು: ವಂತಿಗೆ ಉಳಿಯುತ್ತದೆ, ಎಲ್ಲರೂ ಒಂದೇ ಸಮ ಕಡಿಮೆ ಮಾಡಿದರೆ ಓಟಿನಲ್ಲಿ ಯಾರಿಗೂ ನಷ್ಟವಿಲ್ಲ. ಬಟ್ಟೆ ಅಂಗಡಿಯ ಆಳು ಬಾಗಿಲಿನ ಮುಂದೆ ಮಾತ್ರ ಗುಡಿಸಿ ಒಳಗೆ ಹೋದ. ಹಾಗೆ ಮಾಡೆಂದು ಮಗ ಹೇಳಿದ್ದನಂತೆ. ಎರಡು ಮೂರು ದಿನಗಳಲ್ಲಿ ಅಂಗಡಿ ಅಂಗಡಿಗಳ ನಡುವೆ ಕಸದ ಪಟ್ಟೆಗಳು ಎದ್ದವು. ಬಾಳೆಸಿಪ್ಪೆ, ಹರಿದ ಕಾಗದ, ಎಲೆಯಡಿಕೆಯ ಉಗುಳು. ಬೈಲಕುಪ್ಪೆಯಿಂದ ಸಾಮಾನು ಕೊಳ್ಳಲು ಬಂದಿದ್ದ ಟಿಬೆಟಿನ ಹೆಂಗಸೊಬ್ಬಳು ಸಿಪ್ಪೆಯ ಮೇಲೆ ಜಾರಿ, ಹೋಟೆಲಿನವನನ್ನು ತನ್ನ ಭಾಷೆಯಲ್ಲೇ ಬೈದು ಹೋದಳು. ಅಂಗಡಿ ಬೀದಿಯನ್ನು ಚೆಂದ ಮಾಡಲು ಹೊರಟ ನಾನು ಅದನ್ನು ತಿಪ್ಪೆ ಮಾಡಿದ್ದೆ.

ಎಲೆಯಮ್ಮನ ಕಟ್ಟೆ ಅಂಥ ಒಂದು ಪಟ್ಟೆಯ ನಡುವೆ ಇತ್ತು. ಒಂದು ಬೆಳಿಗ್ಗೆ ನಾನು ಹೋದಾಗ ಆಕೆ ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸದೆ ಕಸದ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಕೇಳಿದಳು:

“ಅವ್ವಾ, ಇದ ನಾನು ಗುಡಿಸಿ ನೀರಾಕಿದ್ರೆ ಲೆಕ್ಕಕ್ಕೆ ಬತ್ತದಾ?”

ಬರುತ್ತದೆ ಎಂದರೆ ಬೀದಿ ನನ್ನ ಮೇಲೆ ಬೀಳುತ್ತದೆ. ವರ್ಗಾವಣೆ ಮಾಡಿಸುವ ಶಕ್ತಿ ಆ ಬೀದಿಯ ಒಬ್ಬಿಬ್ಬರಿಗೆ ಇತ್ತು, ಮಗಳ ಪರೀಕ್ಷೆಯ ವರ್ಷ ನಮ್ಮ ಕಚೇರಿಯವರೆಲ್ಲ ಹೆದರುವ ಅಂತರಸಂತೆಯ ಕಡೆಗೆ ಹೋಗಿ ಕೂರುವುದು ನನಗೆ ಬೇಕಿರಲಿಲ್ಲ. ಬರುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕು. ಬಾಗಿಲಿಲ್ಲ ಎಂಬುದೊಂದೇ ಕಾರಣ. ಬಾಗಿಲ ಲೆಕ್ಕವೇ ಬೇಡ ಎಂದವಳು ನಾನೇ.

“ಗುಡಿಸಿದೋರದು ಅಂತ ಒಪ್ಪಿದ್ದಾರೆ. ಬರುತ್ತೆ” ಎಂದೆ. “ಆದರೆ ವಂತಿಗೆನೂ ಬರುತ್ತೆ, ನೋಡಿ. ಒಂದು ಪೈಸೆ ಬಿಡಲ್ಲ.”

“ಬುಡಿ ಅಂದೋರ್ಯಾರು?” ಎಂದು ಬುಟ್ಟಿ ಇಳಿಸಿದಳು. ಪೊರಕೆ ತರಲು ಹೋದಳು.

ಮರುದಿನ ಪಾತ್ರೆ ಅಂಗಡಿಯ ಆಚೆಯ ಪಟ್ಟೆಯನ್ನು ಹೂವು ಕಟ್ಟುವವಳು ಗುಡಿಸುತ್ತಿದ್ದಳು. ಅದರಾಚೆ ನಿಂಬೆಹಣ್ಣು ಕೊತ್ತಂಬರಿ ಮಾರುವವಳು. ನಾನು ಹೇಳಿಕೊಟ್ಟೆ ಎಂದು ಆಮೇಲೆ ಬೀದಿಯಲ್ಲೆಲ್ಲ ಮಾತಾಯಿತು. ನಾನು ಹೇಳಿಕೊಡಲಿಲ್ಲ. ನಮ್ಮ ಅಟೆಂಡರ್ ಹೇಳಿಕೊಟ್ಟನೋ ಏನೋ, ಅವನನ್ನು ನಾನು ಕೇಳಲಿಲ್ಲ.

ಬೀದಿಗೆ ವಿಷಯ ಅರ್ಥವಾಗಲು ಮಧ್ಯಾಹ್ನವಾಯಿತು. ಪಾತ್ರೆ ಅಂಗಡಿಯಾತ, ಹೋಟೆಲಿನವನು, ಬಟ್ಟೆ ಅಂಗಡಿಯ ಮಗ, ಮೂವರೂ ಮುಖ್ಯಾಧಿಕಾರಿಗಳ ಕೋಣೆಗೆ ಹೋದರು. ನನ್ನನ್ನು ಕರೆಸಿದರು.

“ಕಟ್ಟಡದ ಕಂದಾಯ ನಾವು ಕಟ್ತೀವಿ, ಲೈಸೆನ್ಸು ನಮ್ದು. ಇವ್ರು ಸಂತೆ ಸುಂಕ ಕೊಟ್ಟು ಕೂರೋರು. ಇವ್ರಿಗೂ ನಮ್ಗೂ ಒಂದೇ ತಕ್ಕಡಿನಾ ಸಾರ್?” ಎಂದ ಪಾತ್ರೆ ಅಂಗಡಿಯಾತ. ಆ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಅವನ ಕಂದಾಯದ ರಸೀದಿ ಹರಿದವಳು ನಾನೇ.

“ನಿಮ್ಮ ಬಾಗಿಲ ಮುಂದಿನದು ನಿಮಗೇ ಇದೆ” ಎಂದೆ. “ನಿಮ್ಮದಲ್ಲ ಅಂತ ನೀವೇ ಬಿಟ್ಟದ್ದನ್ನು ಅವರು ಗುಡಿಸಿದ್ದಾರೆ. ಬೇಕಿದ್ದರೆ ನಾಳೆ ಬೆಳಿಗ್ಗೆ ನೀವೇ ಗುಡಿಸಿ. ಇನ್ನೂ ವಾರ ಮುಗಿದಿಲ್ಲ. ಆದರೆ ಗುಡಿಸಿದರೆ ಅದರ ವಂತಿಗೆ ನಿಮ್ಮದು.”

ಮುಖ್ಯಾಧಿಕಾರಿಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಕೇಳಿದರು, ಗುಡಿಸಿದೋರ್ದು ಜಾಗ ಅಂತ ಸಭೇಲಿ ಹೇಳಿದ್ದು ಯಾರು ಎಂದು. ಮಗ ತಲೆ ತಗ್ಗಿಸಿದ. ಹೇಳಿದವರು ಅವನ ತಂದೆ. “ಸರಿ, ನಾಳೆ ನಾಡಿದ್ದಿನವರೆಗೂ ಟೈಮಿದೆಯಲ್ಲ, ಗುಡಿಸ್ಕೊಳ್ಳಿ” ಎಂದು ಅವರು ಫೈಲಿಗೆ ಮುಖ ತಿರುಗಿಸಿದರು. ಎಲ್ಲರೂ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ, “ನೀವು ನನ್ನನ್ನೂ ಕರ್ಕೊಂಡೇ ಹೋಗ್ತೀರಿ ಅಂತರಸಂತೆಗೆ” ಎಂದರು.

ಕೊನೆಯ ಬೆಳಿಗ್ಗೆ ಸುಣ್ಣದ ಡಬ್ಬಿ ಹಿಡಿದು ನಾನೂ ಅಟೆಂಡರೂ ಮೊದಲ ಬಸ್ಸಿಗೆ ಬಂದಿಳಿದೆವು. ಆ ದಿನ ಬೀದಿ ನೋಡುವಂತಿತ್ತು. ಎಷ್ಟೋ ಅಂಗಡಿಯವರು ತಮ್ಮ ಹಳೇ ಮೇರೆಯವರೆಗೂ ಗುಡಿಸಿಕೊಂಡಿದ್ದರು. ಪಾತ್ರೆ ಅಂಗಡಿಯಾತ ಗೋಡೆಯ ಮುಕ್ಕಾಲು ಭಾಗ ಗುಡಿಸಿ, ಉಳಿದ ಕಾಲಿಗೆ ಹೂವಿನವಳ ಜೊತೆ ಮಾತಿಗೆ ನಿಂತಿದ್ದ. ಅವಳು ಅಷ್ಟನ್ನು ಬಿಡಲು ಸಿದ್ಧವಿರಲಿಲ್ಲ, ಅವನಿಗೂ ಅಷ್ಟರ ವಂತಿಗೆ ಬೇಕಿರಲಿಲ್ಲ, ಕೊನೆಗೆ ಹಾಗೆಯೇ ಬಿಟ್ಟ.

ಎಲೆಯಮ್ಮನ ಜಾಗದ ಮುಂದೆ ಬಟ್ಟೆ ಅಂಗಡಿಯ ಯಜಮಾನರು ನಿಂತಿದ್ದರು. ಆಳಲ್ಲ, ಮಗನಲ್ಲ, ಅವರೇ. ಪಂಚೆ ಮೇಲಕ್ಕೆ ಕಟ್ಟಿ, ಕೈಯಲ್ಲಿ ಪೊರಕೆ ಹಿಡಿದಿದ್ದರು. ಆದರೆ ನೆಲ ಆಗಲೇ ಗುಡಿಸಿ ಆಗಿತ್ತು. ನೀರು ಬಿದ್ದಿತ್ತು. ಕಟ್ಟೆಯ ಬುಡದಲ್ಲಿ ಒಂದು ಸಣ್ಣ ರಂಗೋಲಿಯೂ ಇತ್ತು. ಎಲೆಯಮ್ಮ ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

“ಏನವ್ವ ಇದು?” ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. “ಇಷ್ಟು ವರ್ಷ ನಾನು ನಿಂಗೇನು ಕಮ್ಮಿ ಮಾಡಿದ್ದೆ?”

“ಏನೂ ಇಲ್ಲ ಅಯ್ಯನೋರೆ. ನೀವು ಕೂರ್ಸುದ್ರಿ, ಕೂತೆ. ನೀವು ಗುಡಿಸೋದ ಬುಟ್ರಿ, ಗುಡಿಸ್ದೆ.”

ನನಗೆ ಆ ಹೊತ್ತಿನಲ್ಲಿ ಇಬ್ಬರ ಮೇಲೂ ಕನಿಕರ ಬಂತು, ಇದನ್ನು ಮುಚ್ಚಿಡುವುದೇಕೆ. ಅವರು ಆಕೆಗೆ ಒಳ್ಳೆಯದನ್ನೇ ಮಾಡಿದ್ದರು. ಆಕೆ ಕೇಳುತ್ತಿದ್ದುದು ಉಪಕಾರವನ್ನಲ್ಲ, ತನ್ನದೆನ್ನುವ ಜಾಗವನ್ನು. ಅಟೆಂಡರ್ ಸುಣ್ಣದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಯಜಮಾನರು ನೆಲ ನೋಡಿದರು. ಅವರ ಎಡಗಾಲು ಒದ್ದೆ ನೆಲದ ಮೇಲಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡು, “ಎಳೀರಿ ಮೇಡಂ” ಎಂದರು.

ಎಳೆದೆ. ಗೆರೆ ಸ್ವಲ್ಪ ಸೊಟ್ಟಗಾಯಿತು.

ಓಟಿನ ದಿನ ಛತ್ರದಲ್ಲಿ ಎರಡು ಹಿತ್ತಾಳೆ ಬಿಂದಿಗೆ ಇಟ್ಟೆವು. ಕೊಟ್ಟವನು ಪಾತ್ರೆ ಅಂಗಡಿಯಾತನೇ, ಓಟು ಮುಗಿದ ಮೇಲೆ ಎರಡನ್ನೂ ಉಜ್ಜಿ ವಾಪಸು ಕೊಡಬೇಕೆಂಬ ಷರತ್ತಿನ ಮೇಲೆ. ಯಾರಿಗೆ ಎಷ್ಟು ಅಡಿಯೋ ಅಷ್ಟು ಹುಣಸೆ ಬೀಜ. ಬುಟ್ಟಿಯವರು ಕಟ್ಟೆಯ ಮೇಲೆ ಇರಲಿ ಎನ್ನುವವರು ಒಂದು ಬಿಂದಿಗೆಗೆ ಹಾಕುವುದು, ಎಬ್ಬಿಸಬೇಕು ಎನ್ನುವವರು ಇನ್ನೊಂದಕ್ಕೆ. ಅಡ್ಡಕ್ಕೆ ಒಂದು ಬೆಡ್‌ಶೀಟ್ ಕಟ್ಟಿದ್ದೆವು. ಟೈಲರ್ ಮೊದಲ ಸಲ ತನ್ನ ಪಾಲಿನ ಬೀಜಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ತೋರಿಸಿ ಒಳಗೆ ಹೋದ. ಎಲೆಯಮ್ಮ ತನ್ನ ಬೀಜಗಳನ್ನು ಎಲೆಯಲ್ಲಿ ಸುತ್ತಿಕೊಂಡು ತಂದಿದ್ದಳು, ಸೆರಗಿನಲ್ಲಿ ಬಿದ್ದುಹೋದಾವು ಎಂದು. ಅವತ್ತು ಕಟ್ಟೆಯ ಮೇಲೆ ಬುಟ್ಟಿ ಇಟ್ಟಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಎದ್ದೇಳು ಅಂದ್ಮೇಲೆ ಎದ್ದೇಳಕ್ಕಿಂತ ಕೂರ್ದೆ ಇರೋದೇ ವಾಸಿ ಅಲ್ವಾ” ಎಂದಳು.

ಎಣಿಸಿದಾಗ ‘ಇರಲಿ’ ಎಂಬ ಬಿಂದಿಗೆಯಲ್ಲೇ ಬೀಜ ಹೆಚ್ಚಿತ್ತು. ಪಾತ್ರೆ ಅಂಗಡಿಯಾತ ಇನ್ನೊಂದು ಸಲ ಎಣಿಸಿ ಎಂದ. ಎಣಿಸಿದೆವು. ಹಾಗೆಯೇ ಬಂತು.

ಬುಟ್ಟಿಯ ಹೆಂಗಸರೇ ತಮ್ಮ ಓಟಿನಿಂದ ಗೆದ್ದರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ನಿಜವಾಗುವುದಿಲ್ಲ. ಅವರೆಲ್ಲರ ಅಡಿಗಳನ್ನು ಸೇರಿಸಿದರೂ ಅಷ್ಟು ಆಗುತ್ತಿರಲಿಲ್ಲ. ಟೈಲರನದು ಸೇರಿದರೂ ಆಗುತ್ತಿರಲಿಲ್ಲ. ಯಾರೋ ದೊಡ್ಡ ಅಂಗಡಿಯವರು ತಮ್ಮ ಬೀಜಗಳನ್ನು ಆ ಬಿಂದಿಗೆಗೇ ಹಾಕಿರಬೇಕು. ಯಾರೆಂದು ನನಗೊಂದು ಅನುಮಾನವಿದೆ. ಬೆಡ್‌ಶೀಟ್ ಕಟ್ಟಿಸಿದವಳು ನಾನೇ ಆದ್ದರಿಂದ ಕೇಳುವ ಹಕ್ಕು ನನಗಿಲ್ಲ.

ವಂತಿಗೆಯನ್ನು ಎಲೆಯಮ್ಮ ಎಲ್ಲರಿಗಿಂತ ಮೊದಲು ತಂದುಕೊಟ್ಟಳು. ಹೋಟೆಲಿನವನಿಂದ ವಸೂಲು ಮಾಡಲು ನಾನು ಎಷ್ಟು ಕಾಫಿ ಕುಡಿಯಬೇಕಾಯಿತೋ ಹೇಳುವುದು ಬೇಡ.

ಮಳೆಗೆ ಮುಂಚೆ ಚಪ್ಪಡಿ ಬಿತ್ತು. ಅಳತೆ ಮುಗಿದ ಮೇಲೆ ಯಾರೂ ಕಡಿಮೆ ಗುಡಿಸುವ ಅಗತ್ಯವಿರಲಿಲ್ಲವಾದ್ದರಿಂದ ಬೀದಿ ತಾನಾಗಿಯೇ ಹಳೆಯ ರೂಢಿಗೆ ಮರಳಿತ್ತು. ಒಂದು ಬೆಳಿಗ್ಗೆ ನಾನು ದೀಪದ ಕಂಬದ ಲೆಕ್ಕಕ್ಕೆಂದು ಬೇಗ ಹೋಗಿದ್ದೆ. ಬಟ್ಟೆ ಅಂಗಡಿಯ ಆಳು ಬಾಗಿಲ ಮುಂದೆ ಗುಡಿಸಿದ, ಕಿಟಕಿಯ ಮುಂದೆ ಗುಡಿಸಿದ, ಹಿಂದಿನ ಅಭ್ಯಾಸದಂತೆ ಎಲ್ಲಿಯೂ ನಿಲ್ಲದೆ ಎಲೆಯಮ್ಮನ ಜಾಗಕ್ಕೆ ಬಂದ. ಆಕೆ ಆಗ ತಾನೇ ಬುಟ್ಟಿ ಹೊತ್ತು ಬರುತ್ತಿದ್ದಳು. ಕಂಡವಳೇ ಓಡುನಡಿಗೆಯಲ್ಲಿ ಬಂದು ಬುಟ್ಟಿಯನ್ನು ಪೊರಕೆಯ ಮುಂದೆಯೇ ಇಳಿಸಿದಳು.

“ಬುಡಪ್ಪ. ಅದು ನಂದು. ನಾನೇ ಗುಡಿಸ್ಕತೀನಿ.”

ಒಳಗಿಂದ ಯಜಮಾನರ ದನಿ ಕೇಳಿತು: “ಗುಡಿಸ್ಲಿ ಬುಡವ್ವ. ಮಂಡಿ ನೋವು ಅಂತಿರ್ತೀಯ, ಬಗ್ಗಕ್ಕೆ ಕಷ್ಟ ನಿಂಗೆ.”

“ನೋವಿದ್ರೂ ಬಗ್ತೀನಿ ಅಯ್ಯನೋರೆ.”

ಅವರು ಆಳನ್ನು ಒಳಕ್ಕೆ ಕರೆದರು. ಎಲೆಯಮ್ಮ ಬುಟ್ಟಿಯ ತಳದಿಂದ ತನ್ನ ಮೋಟು ಪೊರಕೆ ತೆಗೆದಳು. ಮಂಡಿಯ ಮೇಲೆ ಒಂದು ಕೈಯೂರಿಕೊಂಡು, ನಿಧಾನವಾಗಿ ಗುಡಿಸತೊಡಗಿದಳು. ನಾನು ಎಳೆದಿದ್ದ ಸುಣ್ಣದ ಗೆರೆ ಅಷ್ಟು ಹೊತ್ತಿಗೆ ಎಲ್ಲಿಯೂ ಕಾಣುತ್ತಿರಲಿಲ್ಲ, ಚಪ್ಪಡಿ ಕೆಲಸದಲ್ಲಿ ಅಳಿಸಿಹೋಗಿತ್ತು. ಆಕೆ ಆ ಗೆರೆಯಿದ್ದ ಕಡೆಯವರೆಗೆ ಗುಡಿಸಿ, ಅಲ್ಲಿ ನಿಲ್ಲಿಸಿ, ಕಸವನ್ನು ತನ್ನ ಕಡೆಗೇ ಎಳೆದುಕೊಂಡಳು.